ಸಂಪಿನ ಕೋಲು

ಮದರಾಸಿನ ಕೋಟೆಗೆ 1772ರಲ್ಲಿ ಏಳು ಬಾವಿಗಳಿಂದ ನೀರು ಬಂತು. ನಗರಕ್ಕೆ ಪುಳಲ್ ಕೆರೆಯ ನೀರು 1872ರಲ್ಲಿ ತೆರೆದ ಕಾಲುವೆಯಲ್ಲಿ ಕಿಲ್ಪಾಕ್ ತಲುಪಿತು. 1914ರ ಹೊತ್ತಿಗೆ ಅಲ್ಲಿ ಮರಳಿನ ಸೋಸುಹಾಸುಗಳೂ ಪಂಪುಗಳೂ ಬಂದವು. ಊರು ಬೆಳೆದಂತೆ ಕೊಳಾಯಿಯ ಒತ್ತಡ ಕುಗ್ಗಿ, ಮನೆಮನೆಯಲ್ಲೂ ನೆಲದಡಿಯ ಸಂಪು ಹುಟ್ಟಿತು. ಸೋರಿಕೆಯೂ ಕಣ್ಣಿಗೆ ಕಾಣದ ಜಾಗ ಸೇರಿತು.

ಅದೇ ನಗರದ ತಿರುವಲ್ಲಿಕ್ಕೇಣಿಯ ನಮ್ಮ ಮನೆಯಲ್ಲಿ ಅದಕ್ಕೆ ಅಜ್ಜನ ಬಿದಿರುಕೋಲೇ ಮದ್ದು. ರಾತ್ರಿ ಒಳಬರುವ ವಾಲ್ವು, ಮೋಟಾರು ಎರಡನ್ನೂ ನಿಲ್ಲಿಸಿ, ಕೋಲು ಇಳಿಸಿ, ಒದ್ದೆಯಾದಷ್ಟಕ್ಕೆ ಗೀಟು ಹಾಕುತ್ತಿದ್ದರು. ಬೆಳಿಗ್ಗೆ ನೀರು ಗೀಟಿಗಿಂತ ಇಳಿದಿದ್ದರೆ ಸಂಪಿನಲ್ಲೇ ಬಿರುಕು. ಇಳಿಯದೆಯೂ ನೆಲ ತೇವವಾಗಿದ್ದರೆ ತಪ್ಪು ಪೈಪಿನದು. ಆಗ ಕೊಳಾಯಿಯವನು ಬಂದು, ಬೀದಿ ನಿಶ್ಶಬ್ದವಾದ ಮೇಲೆ ಕಬ್ಬಿಣದ ಸರಳನ್ನು ನೆಲಕ್ಕೂ ಕಿವಿಗೂ ಒತ್ತಿ 'ಸುಂಯ್' ಸದ್ದು ಹುಡುಕುತ್ತಿದ್ದ.

2019ರ ಬೇಸಿಗೆಯಲ್ಲಿ ಕೆರೆಗಳು ಬತ್ತಿ, ಟ್ಯಾಂಕರಿಗೆ ದುಡ್ಡು ಸುರಿದಾಗ ಊರಿಗೆಲ್ಲ ಸೋರಿಕೆಯ ಚಿಂತೆ. ಅಜ್ಜ ಮಾತ್ರ ಹೆದರುತ್ತಿದ್ದುದು ತಮಿಳರ ಐಪ್ಪಸಿ ತಿಂಗಳ ಮಳೆಗೆ. ಅಂತರ್ಜಲ ಏರಿದಾಗ ಅದೇ ಬಿರುಕಿನಿಂದ ಚರಂಡಿನೀರು ಒಳನುಗ್ಗುತ್ತದೆ. "ಗೀಟಿಗಿಂತ ನೀರು ಇಳಿದರೆ ದುಡ್ಡು ಹೋಗುತ್ತೆ ಕಣೋ, ಏರಿದರೆ ಆರೋಗ್ಯ ಹೋಗುತ್ತೆ" ಎನ್ನುತ್ತಿದ್ದರು.