ಕೊಡಬೇಕಾದವರು ಯಾರು?

ಕೋರ್ಟಿನ ಸಮನ್ಸಿನಲ್ಲಿ ಎರಡೇ ಜಾತಿ. ಕೇಳುವವನು ವಾದಿ, ಕೊಡಬೇಕಾದವನು ಪ್ರತಿವಾದಿ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ಯಾವ ಕೋರ್ಟಾದರೂ ಅಷ್ಟೆ. ಸಾಲದ ದಾವಾದಲ್ಲಿ ನಮ್ಮವರು ಪ್ರತಿವಾದಿಗಳು. ಎಷ್ಟೋ ಜನ ಆ ಕಾಗದವನ್ನು ಸೂರಿಗೆ ಸಿಕ್ಕಿಸಿ ಕೂಲಿಗೆ ಹೋಗ್ತಾರೆ. ಹಾಜರಾಗದವನ ಮೇಲೆ ಏಕಪಕ್ಷೀಯ ಡಿಕ್ರಿ ಬೀಳುತ್ತೆ. ಸಾಹುಕಾರ ಬರೆದದ್ದೇ ಲೆಕ್ಕ ಆಗುತ್ತೆ.

ಈ ಲೆಕ್ಕಕ್ಕೂ ಒಂದು ಚರಿತ್ರೆ ಇದೆ. ಅಕ್ಷರ ಯಾರ ಕೈಲಿತ್ತೋ ಸಾಲದ ಪುಸ್ತಕವೂ ಅವರ ಕೈಲೇ ಇತ್ತು. ಕೊಟ್ಟದ್ದನ್ನು ಬರೆದುಕೊಂಡರು. ವಸೂಲಿ ಮಾಡಿದ ರಾಗಿ, ಹಿಡಿದುಕೊಂಡು ಹೋದ ಎತ್ತು, ಬಿಟ್ಟಿ ದುಡಿಸಿಕೊಂಡ ದಿನ ಇವನ್ನು ಬರೆಯಲಿಲ್ಲ. ನಮ್ಮ ಪಾಲಿಗೆ ಬಂದದ್ದು ಹೆಬ್ಬೆಟ್ಟಿನ ಮಸಿ ಮಾತ್ರ.

1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆಯಲ್ಲಿ ರೈತರು ಸಾಹುಕಾರರ ಮೇಲೆ ಎದ್ದರು. ದಂಗೆ ಹಬ್ಬಿದ ಕಡೆಯಲ್ಲೆಲ್ಲ ಅವರು ಹುಡುಕಿ ಸುಟ್ಟದ್ದು ಸಾಲಪತ್ರಗಳನ್ನು. ಬ್ರಿಟಿಷರು 1879ರಲ್ಲಿ ದಖ್ಖನ್ ರೈತರ ಪರಿಹಾರ ಕಾಯಿದೆ ತಂದರು. ಪತ್ರದಲ್ಲಿರುವ ಮೊತ್ತವನ್ನೇ ನಂಬಬೇಡಿ, ವ್ಯವಹಾರವನ್ನು ಬುಡದಿಂದ ವಿಚಾರಿಸಿ ಅಂತ ಅದು ನ್ಯಾಯಾಧೀಶರಿಗೆ ಹೇಳಿತು. ಸಾಲ ಪಡೆದವನೇ ‘ಲೆಕ್ಕ ತೋರಿಸು’ ಎಂದು ದಾವಾ ಹೂಡುವ ಹಕ್ಕನ್ನೂ ಕೊಟ್ಟಿತು. ಈ ಕಾಯಿದೆ ಮುಂದೆ ಮುಂಬಯಿ ಪ್ರಾಂತ್ಯದ ಕನ್ನಡ ಜಿಲ್ಲೆಗಳಿಗೂ ಬಂತು. ನಮ್ಮ ತಾಲೂಕುಗಳಿದ್ದ ಮೈಸೂರು ಸಂಸ್ಥಾನವೂ 1928ರಲ್ಲಿ ವ್ಯವಸಾಯಗಾರರ ಪರಿಹಾರ ಕಾಯಿದೆ ಮಾಡಿತು. ಆದರೆ ವಕೀಲನ ಫೀಸಿಗೆ ಮತ್ತೆ ಸಾಲ ಮಾಡಬೇಕಾದವನಿಗೆ ಕಾಯಿದೆ ಪುಸ್ತಕದಲ್ಲಿದ್ದರೇನು ಬಂತು?

ತುರ್ತುಪರಿಸ್ಥಿತಿಯ ಕತ್ತಲಲ್ಲಿ ಎರಡು ಕಾಯಿದೆಗಳು ಬಂದವು. 1976ರ ಜೀತಪದ್ಧತಿ ರದ್ದತಿ ಕಾಯಿದೆ ಜೀತದ ಸಾಲವನ್ನೇ ಅಳಿಸಿಹಾಕಿತು. ಅದರ ವಸೂಲಿಗೆ ಸಿವಿಲ್ ಕೋರ್ಟಿನಲ್ಲಿ ದಾವಾ ನಡೆಯದು. ಜೀತದಾಳು ‘ಇದು ಜೀತದ ಸಾಲ’ ಎಂದರೆ, ಅಲ್ಲ ಎಂದು ರುಜುವಾತು ಮಾಡಬೇಕಾದವನು ಸಾಲ ಕೊಟ್ಟವನೇ. ಅದೇ ವರ್ಷ ದೇವರಾಜ ಅರಸು ಸರ್ಕಾರದ ಋಣ ಪರಿಹಾರ ಕಾಯಿದೆ ಸಣ್ಣ ರೈತರ, ಭೂಮಿಯಿಲ್ಲದ ಕೂಲಿಗಳ, ದುರ್ಬಲ ವರ್ಗದವರ ಹಳೆ ಸಾಲ ಮನ್ನಾ ಮಾಡಿತು.

ಮೂರನೆಯ ಬದಲಾವಣೆ ಸದ್ದಿಲ್ಲದೆ ಬಂತು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಪ್ರತಿವಾದಿ ತನಗೆ ಬರಬೇಕಾದ ನಿಖರ ಹಣವನ್ನು ಮುರಿದುಕೊಳ್ಳಿ ಎಂದು ಕೇಳಬಹುದಿತ್ತು, ಅಷ್ಟೆ. 1976ರ ತಿದ್ದುಪಡಿ 1977ರ ಫೆಬ್ರವರಿ 1ರಿಂದ ಪ್ರತಿದಾವೆಯ ಹಕ್ಕನ್ನು ಬರಹದಲ್ಲೇ ಕೊಟ್ಟಿತು. ಸಾಹುಕಾರ ನಲವತ್ತು ಸಾವಿರಕ್ಕೆ ದಾವಾ ಹಾಕಿದ್ದಾನೆ ಅನ್ನಿ. ಅಡವಿಟ್ಟ ಓಲೆ ಅವನ ಪೆಟ್ಟಿಗೆಯಲ್ಲಿದೆ, ಎತ್ತು ಅವನ ಕೊಟ್ಟಿಗೆಯಲ್ಲಿದೆ, ಬಡ್ಡಿ ಮಿತಿ ಮೀರಿ ಸಂದಿದೆ. ಪ್ರತಿವಾದಿ ಅದೇ ಕೇಸಿನಲ್ಲಿ ‘ನೀನೇ ನನಗೆ ಕೊಡಬೇಕು’ ಎಂದು ಕೇಳಬಹುದು. ವಾದಿ ದಾವಾ ಕೈಬಿಟ್ಟರೂ, ಅದು ವಜಾ ಆದರೂ, ಪ್ರತಿದಾವೆ ತನ್ನ ಕಾಲ ಮೇಲೆ ನಡೆಯುತ್ತೆ. ಇನ್ನೊಂದು ಮಾತು: 1961ರ ಲೇವಾದೇವಿದಾರರ ಕಾಯಿದೆಯ ಪ್ರಕಾರ, ಲೈಸೆನ್ಸಿಲ್ಲದೆ ಬಡ್ಡಿ ವ್ಯಾಪಾರ ಮಾಡುವವನಿಗೆ ಕೋರ್ಟು ಡಿಕ್ರಿ ಕೊಡಬಾರದು.

ಆದರೆ ಹಕ್ಕಿಗೆ ಗಡುವಿದೆ. ಸಮನ್ಸು ಮುಟ್ಟಿದ 30 ದಿನದಲ್ಲಿ ಜವಾಬು ಕೊಡಬೇಕು. ಕೋರ್ಟು ಕಾರಣ ಒಪ್ಪಿದರೆ 90 ದಿನ. ವಿವಾದಾಂಶಗಳನ್ನು ಗೊತ್ತುಮಾಡಿದ ಮೇಲೆ ಪ್ರತಿದಾವೆ ಹಾಕಲಾಗದು ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಪ್ರತಿದಾವೆಗೂ ಕೋರ್ಟು ಶುಲ್ಕ ಉಂಟು. 1987ರ ಕಾನೂನು ಸೇವೆಗಳ ಕಾಯಿದೆಯಂತೆ ಪರಿಶಿಷ್ಟ ಜಾತಿ, ಪಂಗಡದವರಿಗೆ, ಹೆಂಗಸರಿಗೆ, ಬಿಟ್ಟಿ ದುಡಿಮೆಗೆ ಸಿಕ್ಕವರಿಗೆ ವಕೀಲರ ನೆರವು ಪುಕ್ಕಟೆ. ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಡಿ.

ಸಾಲ ಕೊಡುವವನ ವೇಷ ಬದಲಾಗಿದೆ. ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ಕರ್ನಾಟಕ 2025ರಲ್ಲಿ ಇನ್ನೊಂದು ಕಾಯಿದೆ ಮಾಡಬೇಕಾಯಿತು. ಕೇರಿಯ ಮೇಷ್ಟ್ರೇ, ಹಾಸ್ಟೆಲ್ಲಿನ ತಮ್ಮಂದಿರೇ, ತಂಗಿಯರೇ, ರಜೆಗೆ ಊರಿಗೆ ಹೋದಾಗ ಎರಡಾಣೆ ಕ್ರಾಂತಿಯ ಭಾಷಣ ಬಿಡಿ. ಸೂರಿಗೆ ಸಿಕ್ಕಿಸಿದ ಕಾಗದ ತೆಗೆಸಿ ಓದಿ ಹೇಳಿ. ಒಂದು ನೋಟ್‌ಬುಕ್ ತಗೊಂಡು ಅವ್ವ ಅಪ್ಪ ಕಟ್ಟಿದ್ದೆಷ್ಟು, ಯಾವ ದಿನ, ಯಾರ ಎದುರಿಗೆ, ಎಲ್ಲ ಬರೆದಿಡಿ. ನಮ್ಮ ಕಡೆಯ ಲೆಕ್ಕ ನಾವೇ ಬರೆಯಬೇಕು.