ಮನೆ ನಕ್ಷೆ

ಒಂದು ಕುಟುಂಬಕ್ಕೆಂದು ಕಟ್ಟುವ ಮನೆಯ ಕೋಣೆ, ಬಾಗಿಲು, ಕಿಟಕಿ, ಮೆಟ್ಟಿಲುಗಳ ಜಾಗವನ್ನು ಪಾಯ ತೋಡುವ ಮೊದಲೇ ಗೊತ್ತುಮಾಡುವ ಅಳತೆಯ ಚಿತ್ರ. ಬೆಂಗಳೂರು, ಮೈಸೂರುಗಳಲ್ಲಿ ಸಾಮಾನ್ಯವಾದ 30×40 ಅಡಿ ನಿವೇಶನವೆಂದರೆ 1,200 ಚದರಡಿ, ಬಳಕೆಯ ಮಾತಿನಲ್ಲಿ 12 ಚದರ. ನಿಯಮದಂತೆ ಸುತ್ತ ಜಾಗ ಬಿಟ್ಟರೆ ಕಟ್ಟಲು ಸಿಗುವುದು ಇನ್ನೂ ಕಡಿಮೆ. ಹೆಚ್ಚಿನವರು ಎಡವುವುದು ಮೆಟ್ಟಿಲಿನ ಲೆಕ್ಕದಲ್ಲಿ. 10 ಅಡಿ ಮೇಲೇರಲು ತಲಾ 7 ಇಂಚು ಎತ್ತರದ ಸುಮಾರು 17 ಮೆಟ್ಟಿಲು ಬೇಕು. ಪಾದವಿಡಲು 10 ಇಂಚು ಹಿಡಿದರೆ ನೇರ ಮೆಟ್ಟಿಲಿಗೆ 13 ಅಡಿಗೂ ಮಿಕ್ಕಿದ ಉದ್ದ ಬೇಕಾಗುತ್ತದೆ. ಆದ್ದರಿಂದ ಮೆಟ್ಟಿಲನ್ನೇ ಮೊದಲು ಕೂರಿಸುವುದು ಒಳ್ಳೆಯದು. ವಾಸ್ತುವಿನ ಪ್ರಕಾರ ಅಡುಗೆಮನೆ ಆಗ್ನೇಯಕ್ಕೆ, ದೇವರಮನೆ ಈಶಾನ್ಯಕ್ಕೆ. ನಕ್ಷೆಯಲ್ಲಿ ಮಂಚ, ಬೀರುಗಳನ್ನೂ ಅಳತೆಗೆ ತಕ್ಕಂತೆ ಬರೆಯಲೇಬೇಕು: ಮಂಚ ಹಾಕಿದ ಮೇಲೆ ಬೀರುವಿನ ಬಾಗಿಲು ಅರ್ಧವೇ ತೆರೆಯುವ ಕೋಣೆಗಳು ಎಷ್ಟೋ ಇವೆ.