ಮಣ್ಣಿನ ಇಲಿ, ಕಲ್ಲಿನ ಹೆಸರು

ಗಣೇಶನ ಹಬ್ಬ ಬಂತೆಂದರೆ ಅರಸೀಕೆರೆಯ ನಾವು ಹುಡುಗರು ಕೆರೆಯ ಜೇಡಿಮಣ್ಣಿನಲ್ಲಿ ಗಣಪನನ್ನು ಮಾಡುತ್ತಿದ್ದೆವು. ಎಂಟನೇ ತರಗತಿಯಲ್ಲಿ ಸಮಾಜ ಮೇಷ್ಟ್ರು ಬೇಲೂರಿಗೆ ಕರೆದೊಯ್ದರು. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇವಾಲಯದಲ್ಲಿ ಶಿಲ್ಪಿಗಳೇ ಕೆತ್ತಿಕೊಂಡ ಹೆಸರುಗಳಿವೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. "ರಾಜರ ಹೆಸರು ಎಲ್ಲೆಲ್ಲೂ ಸಿಗುತ್ತದೆ. ಕೆಲಸ ಮಾಡಿದ ಅಪ್ಪ-ಮಗನ ಹೆಸರೂ ಉಳಿದಿರುವುದನ್ನು ನೋಡಿ" ಎಂದರು ಮೇಷ್ಟ್ರು. ಬಳಪದ ಕಲ್ಲು ಮೊದಲು ಮೆತ್ತಗಿದ್ದು, ಆಮೇಲೆ ಗಟ್ಟಿಯಾಗುತ್ತದೆಂದು ಕಲಿತದ್ದೂ ಅಂದೇ.

ಕಳೆದ ಹಬ್ಬಕ್ಕೆ ಬೆಂಗಳೂರಿನ ಮನೆಯಲ್ಲಿ ಐದು ವರ್ಷದ ಮಗಳೊಂದಿಗೆ ಮಣ್ಣು ಕಲಸಿದೆ. ನಾನು ಗಣಪನನ್ನು ಮಾಡಿದೆ, ಅವಳು ಇಲಿಯನ್ನು. ಹಸಿ ಇಲಿಯ ಅಡಿಯಲ್ಲಿ ಕಡ್ಡಿಯಿಂದ ತನ್ನ ಹೆಸರು ಗೀಚಿ, ಪಕ್ಕದಲ್ಲಿ 'ಅಪ್ಪ' ಎಂದು ಬರೆದಳು. ಗಣಪ ಬಕೆಟ್ಟಿನ ನೀರಿನಲ್ಲಿ ಕರಗಿದಾಗ ಅತ್ತಳು. ಇಲಿಯನ್ನು ಬಿಡಲಿಲ್ಲ. ಅದೀಗ ನನ್ನ ಲ್ಯಾಪ್‌ಟಾಪಿನ ಪಕ್ಕದಲ್ಲಿದೆ. ಮುಂದಿನ ಸಲ ಊರಿಗೆ ಬಂದಾಗ ಅವಳಿಗೆ ಚಾವಣನ ಹೆಸರು ತೋರಿಸಬೇಕು.